ಚರ್ಮದ ಮೂಲಕ ಮದ್ದು ಸಾಗಿಸುವ ನ್ಯಾನೋ ವಾಹಕ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಂಜೆ ಬೀಕರಿನಲ್ಲಿ ಚಿನ್ನದ ಬಣ್ಣದ ತಿಳಿ ದ್ರವ ಇತ್ತು. ಬೆಳಿಗ್ಗೆ ಬಂದು ನೋಡಿದರೆ ತಳದಲ್ಲಿ ಹಳದಿ ಪುಡಿ. ಚರ್ಮದ ಕ್ಯಾನ್ಸರಿಗೆ ಗಿಡಮೂಲದ ಮದ್ದು ಹುಡುಕುತ್ತಾ, ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಜೊತೆ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ. ಆಗ ಎಲ್ಲರೂ ಮೊದಲು ಬೈಯುವುದು ವಾಹಕವನ್ನೇ, ಅಂದರೆ ಮದ್ದನ್ನು ಹೊತ್ತು ಚರ್ಮದೊಳಗೆ ಒಯ್ಯಬೇಕಾದ ಅತಿ ಚಿಕ್ಕ ಕಣವನ್ನು. ಲೈಪೋಸೋಮ್ (ಕೊಬ್ಬಿನ ಪೊರೆಯ ಗುಳ್ಳೆ) ಸರಿಯಿಲ್ಲ, ಎಥೋಸೋಮ್ (ಅದೇ ಗುಳ್ಳೆ, ಆಲ್ಕೋಹಾಲ್ ಸೇರಿಸಿದ್ದು) ಮಾಡೋಣ, ಅದೂ ಆಗದಿದ್ದರೆ ಘನ ಕೊಬ್ಬಿನ ಕಣ ಮಾಡೋಣ ಅಂತ ಹೊರಟುಬಿಡುತ್ತಾರೆ. ನಾನೂ ಹಾಗೆ ಹೊರಟು ತಿಂಗಳುಗಟ್ಟಲೆ ಅಲೆದಿದ್ದೇನೆ. ಆಮೇಲೆ ಗೊತ್ತಾದದ್ದು ಇಷ್ಟು: ಬಹಳ ಸಲ ಒಳಗಿನ ಮದ್ದೇ ಆಗಲೇ ಕೆಟ್ಟಿರುತ್ತದೆ, ಇಲ್ಲವೇ ನಾವು ಅಳೆದ ರೀತಿ ತಪ್ಪಿರುತ್ತದೆ. ವಾಹಕವನ್ನು ಅನುಮಾನಿಸುವ ಸರದಿ ಮೂರನೆಯದು. ಈ ಕೈಪಿಡಿ ಸಾಗುವುದೂ ಅದೇ ಕ್ರಮದಲ್ಲಿ. ಮೊದಲು ಕಣ್ಣು ಮತ್ತು ಪಿಎಚ್ ಕಾಗದ, ಆಮೇಲೆ ಸೂಕ್ಷ್ಮದರ್ಶಕ, ಕೊನೆಗೆ ದೊಡ್ಡ ಯಂತ್ರಗಳು.

ಎದುರಾಳಿ ಯಾರು ಎಂದು ಒಮ್ಮೆ ನೆನಪಿಸಿಕೊಳ್ಳೋಣ. ಚರ್ಮದ ಮೇಲಿನ ಸತ್ತ ಕೋಶಗಳ ಪದರ ದಪ್ಪದಲ್ಲಿ ಬರೀ 10ರಿಂದ 20 ಮೈಕ್ರೋಮೀಟರ್. ಆದರೆ ಕೋಶಗಳು ಇಟ್ಟಿಗೆಯಂತೆ, ನಡುವಿನ ಕೊಬ್ಬು ಗಾರೆಯಂತೆ ಕೂತಿವೆ. ಆ ಗಾರೆಯಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಇವೆ. 500 ಡಾಲ್ಟನ್‌ಗಿಂತ ದೊಡ್ಡ ಅಣು (ಡಾಲ್ಟನ್ ಅಣುತೂಕದ ಅಳತೆ) ಇದನ್ನು ದಾಟುವುದು ಕಷ್ಟ ಎಂಬ ಅಂದಾಜು ನಿಯಮ 2000ದಿಂದ ಚಾಲ್ತಿಯಲ್ಲಿದೆ. ಕರ್ಕ್ಯುಮಿನ್ ತೂಕ 368, ದ್ರಾಕ್ಷಿಯ ರೆಸ್ವೆರಾಟ್ರಾಲ್ 228, ಈರುಳ್ಳಿಯ ಕ್ವೆರ್ಸೆಟಿನ್ 302. ತೂಕದ ಲೆಕ್ಕದಲ್ಲಿ ಮೂರೂ ಪಾಸು. ಕ್ಯಾನ್ಸರ್ ಮದ್ದಾದ ಪ್ಯಾಕ್ಲಿಟ್ಯಾಕ್ಸೆಲ್ 854, ಹಾಗಾಗಿ ಅದು ಶುರುವಿನಲ್ಲೇ ಹಿಂದೆ ಬೀಳುತ್ತದೆ. ಆದರೆ ತೂಕ ಒಂದೇ ಸಾಲದು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಗ್ರೀನ್ ಟೀಯ ಇಜಿಸಿಜಿ ನೀರಿಗೆ ಒಲಿಯುತ್ತದೆ, ಚರ್ಮದ ಕೊಬ್ಬಿಗೆ ಒಲಿಯುವುದಿಲ್ಲ. ವಾಹಕ ಬೇಕಾಗಿರುವುದು ಇದಕ್ಕೇ.

ಕೆಲಸಕ್ಕೆ ಕೈ ಹಾಕುವ ಮುನ್ನ

ಎಚ್ಚರಿಕೆ ಮೊದಲು. ತಯಾರಿಸಿದ್ದನ್ನು ನಿಮ್ಮ ಕೈಗೋ ಗೆಳೆಯರ ಕೈಗೋ ಹಚ್ಚಿ ನೋಡಬೇಡಿ. ಸುಮ್ನೆ ಒಂದು ಚುಕ್ಕೆ ಅಂತಲೂ ಬೇಡ. ಚರ್ಮದೊಳಗೆ ಇಳಿಸಲೆಂದೇ ಮಾಡಿದ್ದು ಅದು, ಇಳಿದುಬಿಡಬಹುದು. ಕ್ಲೋರೋಫಾರ್ಮ್ ಬಳಸುವ ಕೆಲಸ ಹೊಗೆಗೂಡಿನ ಒಳಗೇ ನಡೆಯಲಿ. ಎಥೋಸೋಮಿನಲ್ಲಿ ಸಾಮಾನ್ಯವಾಗಿ 20ರಿಂದ 45 ಶೇಕಡಾ ಎಥೆನಾಲ್ ಇರುತ್ತದೆ. ಅದರ ಹತ್ತಿರ ಬೆಂಕಿ ಅಥವಾ ಬಿಸಿ ತಟ್ಟೆ ಬೇಡ. ಶಬ್ದದ ಅಲೆಯಿಂದ ಕಣಗಳನ್ನು ಒಡೆಯುವ ಪ್ರೋಬ್ ಸೋನಿಕೇಟರ್ ಓಡುವಾಗ ಕಿವಿಗೆ ರಕ್ಷಣೆ ಇರಲಿ. ಒಣಗಿಸಿದ ನ್ಯಾನೋ ಪುಡಿ ಗಾಳಿಯಲ್ಲಿ ಹಾರುತ್ತದೆ, ಹಾಗಾಗಿ ತೂಗುವಾಗ ಮುಖಗವಸು ಬೇಕು. ಪೊಡೊಫಿಲೊಟಾಕ್ಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಗಿಡದಿಂದ ಬಂದವು ನಿಜ. ಆದರೂ ಅವು ಕೋಶಗಳನ್ನು ಕೊಲ್ಲುವ ವಿಷಗಳೇ. ಕೋಶವಿಷಗಳಿಗೆ ನಿಮ್ಮ ಲ್ಯಾಬಿನಲ್ಲಿ ಪ್ರತ್ಯೇಕ ನಿಯಮ ಇಲ್ಲದಿದ್ದರೆ ಅವನ್ನು ಮುಟ್ಟಬೇಡಿ.

ಇನ್ನೊಂದು ತಯಾರಿ. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಮೂರು ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಮದ್ದಿಲ್ಲದ ಖಾಲಿ ವಾಹಕ, ಇನ್ನೊಂದರಲ್ಲಿ ವಾಹಕವಿಲ್ಲದ ಬರೀ ಮದ್ದು, ಮೂರನೆಯದರಲ್ಲಿ ಬರೀ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ). ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಈ ಮೂರು ಬಾಟಲಿಗಳೇ ಉತ್ತರ ಹೇಳುತ್ತವೆ.

ಲಕ್ಷಣ: ಬಣ್ಣ ಬದಲಾಗಿದೆ

ಹಳದಿ ದ್ರವ ಕೆಂಪು ಕಡೆಗೆ ಹೊರಳಿದರೆ ಮೊದಲು ಪಿಎಚ್ ಕಾಗದ ಅದ್ದಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿಲ್ಲ, ಯಾಕೆಂದರೆ ಆ ಬದಲಾವಣೆ ಹಿಂದಕ್ಕೆ ಬರುತ್ತದೆ. ಸ್ವಲ್ಪ ಮಾದರಿ ತೆಗೆದು ಒಂದು ಹನಿ ಸಿಟ್ರಿಕ್ ಆಮ್ಲ ಹಾಕಿ. ಹಳದಿ ಮರಳಿತೇ? ಮರಳಿದರೂ ಅಲ್ಲಿಗೇ ಬಿಡಬೇಡಿ. ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಬೆಳಕು ಹೀರುವುದನ್ನು ಅಳೆಯುವ ಯಂತ್ರದಲ್ಲಿ ಸುಮಾರು 425 ನ್ಯಾನೋಮೀಟರ್ ಹತ್ತಿರದ ಶಿಖರ ಮೊದಲಿನಷ್ಟೇ ಎತ್ತರ ಇದೆಯೇ ನೋಡಿ. ಶಿಖರ ಕುಸಿದಿದ್ದರೆ ಅಣು ಒಡೆದಿದೆ. ಕೆಟ್ಟ ಕರ್ಕ್ಯುಮಿನ್ನಿನ ಚೂರುಗಳೂ ಹಳದಿ-ಕಂದು ಬಣ್ಣದಲ್ಲಿರುತ್ತವೆ, ಹಾಗಾಗಿ ಬರೀ ಕಣ್ಣು ಮೋಸ ಹೋಗುತ್ತದೆ.

ಎಷ್ಟು ಬೇಗ ಒಡೆಯುತ್ತದೆ ಎಂಬುದು ಹೊಸಬರಿಗೆ ನಂಬಲು ಕಷ್ಟ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ, ಅರ್ಧ ಗಂಟೆಯೊಳಗೆ ಸುಮಾರು 90 ಶೇಕಡಾ ಕರ್ಕ್ಯುಮಿನ್ ಹೋಗಿಬಿಡುತ್ತದೆ. ಇದು 1997ರಲ್ಲೇ ಅಳೆದು ಪ್ರಕಟವಾದ ವಿಷಯ. ಆದರೂ ಇಂದಿಗೂ ಜನ ಅದೇ ಬಫರಿನಲ್ಲಿ 24 ಗಂಟೆಯ ಪ್ರಯೋಗ ಇಟ್ಟು, ಮದ್ದು ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಆಮ್ಲೀಯ ಕಡೆಯಲ್ಲಿ ಅದು ಎಷ್ಟೋ ಗಟ್ಟಿ. ಚರ್ಮದ ಮೇಲ್ಮೈ ಕೂಡ ಪಿಎಚ್ 5ರ ಆಸುಪಾಸು ಇರುವುದರಿಂದ, ಪಿಎಚ್ 5ರಿಂದ 5.5ರಲ್ಲಿ ತಯಾರಿಸಿದರೆ ಮದ್ದಿಗೂ ಒಳ್ಳೆಯದು, ಚರ್ಮಕ್ಕೂ ಒಳ್ಳೆಯದು.

ದ್ರವದಲ್ಲಿ ಸರಿಯಿದ್ದ ಬಣ್ಣ ಜೆಲ್ ಮಾಡಿದ ಮೇಲೆ ಕೆಟ್ಟಿತೇ? ಕಾರ್ಬೊಪಾಲ್ ಜೆಲ್ ಗಟ್ಟಿಯಾಗಲು ಟ್ರೈಎಥನಾಲ್‌ಅಮೈನ್ ಹಾಕುತ್ತೇವೆ ಅಲ್ವಾ? ಅದು ಕ್ಷಾರ. ಒಂದೆರಡು ಹನಿ ಜಾಸ್ತಿಯಾದರೂ, ಅಥವಾ ಕಲಕುವ ಮೊದಲು ಒಂದೇ ಕಡೆ ಬಿದ್ದರೂ, ಅಲ್ಲಿ ಕೆಂಪು ಗೆರೆ ಮೂಡುತ್ತದೆ. ಮೊದಲು ಖಾಲಿ ಜೆಲ್ಲನ್ನು 5.5ಕ್ಕೆ ತಂದು, ಆಮೇಲೆ ವಾಹಕ ಬೆರೆಸಿ. ಅದೂ ಆಗದಿದ್ದರೆ ಕ್ಷಾರವೇ ಬೇಡದ ಹೈಡ್ರಾಕ್ಸಿಎಥಿಲ್ ಸೆಲ್ಯುಲೋಸ್ ಜೆಲ್ಲಿಗೆ ಹೋಗಿ.

ಬಣ್ಣ ಬದಲಾಗದೆ ಸುಮ್ಮನೆ ಮಾಸುತ್ತಿದ್ದರೆ ಬೆಳಕನ್ನು ಅನುಮಾನಿಸಿ. ಒಂದೇ ಬ್ಯಾಚನ್ನು ಎರಡು ಬಾಟಲಿಗೆ ಹಾಕಿ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಎರಡು ದಿನದಲ್ಲಿ ಉತ್ತರ ಸಿಗುತ್ತದೆ. ಹಾಳೆ ಸುತ್ತಿದ್ದೂ ಕಂದಾಗಿದ್ದರೆ ಕಬ್ಬಿಣದ ಅಂಶ ಇರಬಹುದು, ಕರ್ಕ್ಯುಮಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಲೋಹವನ್ನು ಕಟ್ಟಿಹಾಕುವ ಇಡಿಟಿಎ ಸೇರಿಸಿ ಇನ್ನೊಂದು ಬ್ಯಾಚ್ ಮಾಡಿ ನೋಡಿ. ಇಜಿಸಿಜಿ ಕಂದಾದರೆ ಅದು ಗಾಳಿಯ ಆಕ್ಸಿಜನ್ ಕೆಲಸ. ಬಾಟಲಿಯ ಮೇಲಿನ ಜಾಗಕ್ಕೆ ನೈಟ್ರೋಜನ್ ತುಂಬಿ, ಪಿಎಚ್ ಇಳಿಸಿ, ಆಸ್ಕಾರ್ಬಿಕ್ ಆಮ್ಲ ಸೇರಿಸಿ.

ರೆಸ್ವೆರಾಟ್ರಾಲ್ ಮಾತ್ರ ಕಳ್ಳ. ಅದಕ್ಕೆ ಬಣ್ಣವೇ ಇಲ್ಲ, ಹಾಗಾಗಿ ಕೆಟ್ಟರೂ ಕಾಣುವುದಿಲ್ಲ. ನೇರಳಾತೀತ ಬೆಳಕು ಬಿದ್ದರೆ ಅಣುವಿನ ಟ್ರಾನ್ಸ್ ರೂಪ ಸಿಸ್ ಎಂಬ ಮಡಿಚಿದ ರೂಪಕ್ಕೆ ತಿರುಗುತ್ತದೆ. ಶಿಖರ ಸುಮಾರು 306ರಿಂದ 286 ನ್ಯಾನೋಮೀಟರ್ ಕಡೆಗೆ ಜಾರಿದ್ದರೆ ಕೆಲಸ ಕೆಟ್ಟಿತು ಅಂತಲೇ.

ಬಣ್ಣದ ಜೊತೆ ಮೂಗಿಗೂ ಕೆಲಸ ಕೊಡಿ. ಬಾಟಲಿ ತೆರೆದಾಗ ಹಳೆಯ ಎಣ್ಣೆಯ ಕಮಟು ವಾಸನೆ ಗಾಳಿಯಲ್ಲಿ ತಾನಾಗಿಯೇ ಬಂದರೆ ವಾಹಕದ ಪೊರೆ ಕಟ್ಟುವ ಕೊಬ್ಬಾದ ಸೋಯಾ ಲೆಸಿಥಿನ್ ಕೆಟ್ಟಿದೆ. ಆದರೆ ಕ್ಲೋರೋಫಾರ್ಮ್ ಮುಟ್ಟಿದ ಯಾವ ಬಾಟಲಿಯನ್ನೂ ಮೂಸಬೇಡಿ.

ಲಕ್ಷಣ: ತಳದಲ್ಲಿ ಪುಡಿ, ಮೇಲೆ ಎಣ್ಣೆ, ಅಥವಾ ಇಡೀ ಬಾಟಲಿಯೇ ಗಟ್ಟಿ

ಬಾಟಲಿಯನ್ನು ಮೆಲ್ಲಗೆ ಎರಡು ಸಲ ತಿರುಗಿಸಿ. ಪದರ ಮತ್ತೆ ಪೂರ್ತಿ ಬೆರೆತುಹೋದರೆ ಕಣಗಳು ಬರೀ ತೇಲಿದ್ದವು ಅಥವಾ ಕೂತಿದ್ದವು, ಒಡೆದಿಲ್ಲ. ಬೆರೆಯದಿದ್ದರೆ ಮುಂದಿನ ಹೆಜ್ಜೆ ಸೂಕ್ಷ್ಮದರ್ಶಕ. ಒಂದು ಹನಿಯನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿ. ಕತ್ತಲೆಯಲ್ಲಿ ಹೊಳೆಯುವ ಸೂಜಿಗಳು ಕಂಡರೆ ಅದು ಮದ್ದಿನ ಹರಳು. ವಾಹಕ ಹಿಡಿಯುವುದಕ್ಕಿಂತ ಜಾಸ್ತಿ ತುಂಬಿದ್ದೀರಿ. ಮದ್ದನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಮಾಡಿ. ಬಹಳ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಮೊದಲ ವಾರ ಚೆನ್ನಾಗಿದ್ದು ಆಮೇಲೆ ಹರಳು ಬಂದರೆ, ಮತ್ತು ಅದು ಘನ ಕೊಬ್ಬಿನ ಕಣವಾಗಿದ್ದರೆ, ಕಾರಣ ಬೇರೆ. ಬಿಸಿಯಿಂದ ತಣಿದಾಗ ಕೊಬ್ಬು ಮೊದಲು ಅಡ್ಡಾದಿಡ್ಡಿ ಜೋಡಣೆಯಲ್ಲಿ ಗಟ್ಟಿಯಾಗುತ್ತದೆ. ಆ ಸಂದುಗಳಲ್ಲಿ ಮದ್ದು ಕೂತಿರುತ್ತದೆ. ದಿನ ಕಳೆದಂತೆ ಕೊಬ್ಬು ಒಪ್ಪವಾಗಿ ಜೋಡಿಸಿಕೊಳ್ಳುತ್ತದೆ. ಸಂದು ಮುಚ್ಚುತ್ತದೆ, ಮದ್ದು ಹೊರಗೆ ಬೀಳುತ್ತದೆ. ಘನ ಕೊಬ್ಬಿಗೆ ಸ್ವಲ್ಪ ದ್ರವ ಎಣ್ಣೆ ಬೆರೆಸಿದರೆ ಆ ಒಪ್ಪ ಕೆಡುತ್ತದೆ, ಮದ್ದಿಗೆ ಜಾಗ ಉಳಿಯುತ್ತದೆ. ನ್ಯಾನೋ ರಚಿತ ಕೊಬ್ಬಿನ ವಾಹಕ ಎಂಬ ಎರಡನೇ ಪೀಳಿಗೆ ಹುಟ್ಟಿದ್ದೇ ಈ ತೊಂದರೆಯಿಂದ.

ಮೇಲೆ ಎಣ್ಣೆಯ ಹನಿ ತೇಲಿದರೆ ನ್ಯಾನೋ ಎಮಲ್ಷನ್ (ನೀರಿನಲ್ಲಿ ಹರಡಿದ ಎಣ್ಣೆಯ ಅತಿ ಚಿಕ್ಕ ಹನಿಗಳು) ಒಡೆಯುತ್ತಿದೆ. ಸುಗಂಧ ತೈಲ ಬಳಸಿದ್ದೀರಾ? ಅಂಥ ಎಣ್ಣೆ ನೀರಿನಲ್ಲಿ ಅಷ್ಟಿಷ್ಟು ಕರಗುತ್ತದೆ. ಚಿಕ್ಕ ಹನಿಯಿಂದ ಕರಗಿ ದೊಡ್ಡ ಹನಿಗೆ ಸೇರುತ್ತಾ ಹೋಗುತ್ತದೆ. ನೀರಿಗೆ ಒಲಿಯದ ಉದ್ದ ಸರಪಳಿಯ ಎಣ್ಣೆಯನ್ನು ಸ್ವಲ್ಪ ಬೆರೆಸಿದರೆ ಈ ಓಟ ನಿಲ್ಲುತ್ತದೆ.

ಇಡೀ ಬಾಟಲಿ ಪಾಯಸದಂತೆ ಗಟ್ಟಿಯಾದರೆ? ಘನ ಕೊಬ್ಬಿನ ಕಣಗಳಿಗೆ ಈ ಚಾಳಿ ಇದೆ. ಬೆಳಕು, ಬಿಸಿ, ತೆಳು ಸೂಜಿಯಲ್ಲಿ ಒತ್ತಿ ತಳ್ಳುವುದು, ಇಷ್ಟು ಸಾಕು ಅದಕ್ಕೆ. ಆ ಬ್ಯಾಚನ್ನು ಉಳಿಸಲು ಹೋಗಬೇಡಿ, ಎಸೆಯಿರಿ. ವಾಹಕಕ್ಕೆ ಧನ ವಿದ್ಯುದಂಶ ಇದ್ದು ಕಾರ್ಬೊಪಾಲಿಗೆ ಹಾಕಿದ ಕೂಡಲೇ ಗಂಟು ಕಟ್ಟಿದರೆ ಅದೂ ಸಹಜವೇ. ಕಾರ್ಬೊಪಾಲ್ ಋಣ, ನಿಮ್ಮ ಕಣ ಧನ, ಎರಡೂ ಅಂಟಿಕೊಂಡಿವೆ.

ಲಕ್ಷಣ: ಕಣದ ಗಾತ್ರ ಒಂದೊಂದು ಸಲ ಒಂದೊಂದು

ಯಂತ್ರ ಒಮ್ಮೆ 120 ನ್ಯಾನೋಮೀಟರ್ ಅನ್ನುತ್ತದೆ, ಇನ್ನೊಮ್ಮೆ 600. ಬೆಳಕು ಚದುರಿಸಿ ಅಳೆಯುವ ಯಂತ್ರದ ಒಂದು ಗುಣ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಚಿಕ್ಕ ಕಣಗಳಲ್ಲಿ ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. ಲೆಕ್ಕದ ಪ್ರಕಾರ ಹತ್ತು ಪಟ್ಟು ದೊಡ್ಡ ಕಣ ಒಂದೇ ಬಂದರೂ ಹತ್ತು ಲಕ್ಷ ಚಿಕ್ಕ ಕಣಗಳ ಬೆಳಕಿಗೆ ಸಮ. ದೊಡ್ಡ ಕಣಗಳಿಗೆ ಆ ಲೆಕ್ಕ ಅಷ್ಟು ನಿಖರವಲ್ಲ, ಆದರೂ ಒಂದು ಧೂಳಿನ ಚೂರು ಇಡೀ ಫಲಿತಾಂಶ ಕೆಡಿಸಬಲ್ಲದು. ಹಾಗಾಗಿ ಮೊದಲು ಕ್ಯುವೆಟ್ (ಮಾದರಿ ಹಾಕುವ ಪುಟ್ಟ ಪಾತ್ರೆ) ತೊಳೆಯಿರಿ, ದುರ್ಬಲಗೊಳಿಸುವ ನೀರನ್ನು 0.22 ಮೈಕ್ರೋಮೀಟರ್ ಶೋಧಕದಲ್ಲಿ ಹಾಯಿಸಿ, ಮತ್ತೆ ಅಳೆಯಿರಿ.

ಆಮೇಲೆ ಬೇರೆ ಬೇರೆ ಪ್ರಮಾಣದಲ್ಲಿ ದುರ್ಬಲಗೊಳಿಸಿ ನೋಡಿ. ಗಾತ್ರ ಬದಲಾಗುತ್ತಲೇ ಇದ್ದರೆ ಅಳತೆಯಲ್ಲೇ ತೊಂದರೆ ಇದೆ. ಎಥೋಸೋಮನ್ನು ಬರೀ ನೀರಿನಲ್ಲಿ ದುರ್ಬಲಗೊಳಿಸುವುದು ಬಹಳ ಜನ ಮಾಡುವ ತಪ್ಪು. ಎಥೆನಾಲ್ ಪ್ರಮಾಣ ಕುಸಿದರೆ ಅದರ ಪೊರೆ ಬೇರೆಯೇ ಆಗಿಬಿಡುತ್ತದೆ. ಅದೇ ಎಥೆನಾಲ್-ನೀರು ಮಿಶ್ರಣ ಬಳಸಿ, ಯಂತ್ರಕ್ಕೆ ಆ ಮಿಶ್ರಣದ ಸ್ನಿಗ್ಧತೆಯನ್ನೇ ಕೊಡಿ. ಸುಮಾರು 10 ನ್ಯಾನೋಮೀಟರ್ ಹತ್ತಿರ ಚಿಕ್ಕ ಶಿಖರ ಕಂಡರೆ ಅದು ಹೊಸ ಆವಿಷ್ಕಾರವಲ್ಲ, ಕಣಗಳನ್ನು ಚದುರಿಸಿಡಲು ಹಾಕಿದ ಸಾಬೂನಿನಂಥ ಟ್ವೀನ್ ಮಿಕ್ಕು ತಾನೇ ಕಟ್ಟಿಕೊಂಡ ಉಂಡೆ, ಅಂದರೆ ಮೈಸೆಲ್. ಟ್ವೀನ್ ತರದ ಸರ್ಫ್ಯಾಕ್ಟೆಂಟ್ ಜಾಸ್ತಿಯಾಗಿದೆ ಅಂತ ಅರ್ಥ.

ತಳದಲ್ಲಿ ಬೂದು ಬಣ್ಣದ ಪುಡಿ ಇದ್ದರೆ ಸೋನಿಕೇಟರ್ ತುದಿಯಿಂದ ಉದುರಿದ ಟೈಟೇನಿಯಂ. ಕಡಿಮೆ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ, ಸವೆದ ತುದಿ ಬದಲಿಸಿ.

ಇಷ್ಟರ ಮೇಲೂ ಗಾತ್ರ ದೊಡ್ಡದೇ ಬಂದರೆ ಈಗ ವಾಹಕದ ಕಡೆ ತಿರುಗಿ. ಲೈಪೋಸೋಮಿಗೆ ನೀರು ಕೂಡಿಸುವಾಗ ಬಿಸಿ ಸಾಕಾಗಿತ್ತೇ? ಪೊರೆಯ ಕೊಬ್ಬುಗಳಲ್ಲಿ ಡಿಪಿಪಿಸಿ ಕರಗುವ ಹದ 41 ಡಿಗ್ರಿ, ಡಿಎಸ್‌ಪಿಸಿ 55 ಡಿಗ್ರಿ. ಇದಕ್ಕಿಂತ ತಣ್ಣಗಿದ್ದರೆ ಪೊರೆ ಬಿಚ್ಚಿಕೊಳ್ಳುವುದಿಲ್ಲ, ಚಕ್ಕೆ ಚಕ್ಕೆಯಾಗಿ ಉಳಿಯುತ್ತದೆ. ಸೋಯಾ ಲೆಸಿಥಿನ್ನಿಗೆ ಈ ತಕರಾರಿಲ್ಲ. ಜೀಟಾ ವಿಭವ (ಕಣದ ಮೇಲ್ಮೈ ವಿದ್ಯುತ್ತಿನ ಅಳತೆ) 30 ಮಿಲಿವೋಲ್ಟ್ ದಾಟಲೇಬೇಕು ಎಂದು ಹಟ ಹಿಡಿಯುವವರಿಗೆ ಒಂದು ಮಾತು: ಟ್ವೀನ್ ಅಥವಾ ಪೆಗ್ ಎಂಬ ಪಾಲಿಮರ್ ಹೊದಿಸಿದ ಕಣ ವಿದ್ಯುತ್ತಿನಿಂದ ನಿಲ್ಲುವುದಿಲ್ಲ, ಆ ಹೊದಿಕೆಯ ದಪ್ಪದಿಂದ ನಿಲ್ಲುತ್ತದೆ. ಅಂಥದ್ದು 5 ಮಿಲಿವೋಲ್ಟ್‌ನಲ್ಲೂ ಗಟ್ಟಿಯಾಗಿರಬಹುದು.

ಲಕ್ಷಣ: ಒಳಗೆ ಸೇರಿದ ಮದ್ದು 99 ಶೇಕಡಾ

ಇದು ದೋಷ ಅಂತ ಯಾರಿಗೂ ಅನಿಸುವುದಿಲ್ಲ. ಸಂಭ್ರಮ ಪಡುತ್ತಾರೆ. ನನಗೆ ಮಾತ್ರ ಇಂಥ ಅಂಕಿ ಕಂಡರೆ ಹೊಟ್ಟೆ ತೊಳಸುತ್ತದೆ, ಯಾಕೆಂದರೆ ನಾನೂ ಒಮ್ಮೆ ಇದನ್ನು ಹೆಮ್ಮೆಯಿಂದ ಪಟದಲ್ಲಿ ಹಾಕಿದ್ದೆ.

ಆಗುವುದು ಹೀಗೆ. ಸೆಂಟ್ರಿಫ್ಯೂಜ್ ಮಾಡುತ್ತೇವೆ. ವಾಹಕ ಕೆಳಗೆ ಕೂರುತ್ತದೆ, ಹೊರಗುಳಿದ ಮದ್ದು ಮೇಲಿನ ನೀರಿನಲ್ಲಿ ಇರಬೇಕು ಎಂದು ನಂಬುತ್ತೇವೆ. ಆ ನೀರಿನಲ್ಲಿ ಏನೂ ಸಿಗುವುದಿಲ್ಲ. ಹಾಗಾದರೆ ಎಲ್ಲವೂ ಒಳಗೆ ಹೋಗಿದೆ! ಆದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವಲ್ಲ. ಹೊರಗುಳಿದದ್ದು ಹರಳಾಗಿ ವಾಹಕದ ಜೊತೆಗೇ ಕೆಳಗೆ ಕೂತಿದೆ. ನಾವು ಅದನ್ನೂ ಒಳಗಿನ ಲೆಕ್ಕಕ್ಕೆ ಸೇರಿಸಿದ್ದೇವೆ.

ಪರೀಕ್ಷೆ ಸುಲಭ. ವಾಹಕ ಇಲ್ಲದೆ, ಅಷ್ಟೇ ಮದ್ದನ್ನು ಅದೇ ನೀರಿಗೆ ಹಾಕಿ, ಅದೇ ವೇಗದಲ್ಲಿ ತಿರುಗಿಸಿ. ಮೇಲಿನ ನೀರು ಖಾಲಿಯಾಗಿಯೂ ತಳ ಹಳದಿಯಾಗಿಯೂ ಬಂದರೆ ನಿಮ್ಮ ವಿಧಾನ ಇಲ್ಲದ ವಾಹಕಕ್ಕೂ 99 ಶೇಕಡಾ ಕೊಡುತ್ತಿದೆ.

ಸರಿಪಡಿಸಲು ಎರಡು ಹಂತ ಮಾಡಿ. ಮೊದಲು ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗಿಸಿ ಭಾರದ ಹರಳನ್ನು ಕೆಳಗೆ ಇಳಿಸಿ. ನ್ಯಾನೋ ಕಣ ಆಗ ಮೇಲೆಯೇ ಇರುತ್ತದೆ. ಅದನ್ನು ಬೇರೆ ಕೊಳವೆಗೆ ತೆಗೆದು ಆಮೇಲೆ ಅತಿ ವೇಗದಲ್ಲಿ ತಿರುಗಿಸಿ. ಹರಳು, ಕಣ, ನೀರು, ಮೂರನ್ನೂ ಪ್ರತ್ಯೇಕ ಅಳೆಯಿರಿ. ಮೂರೂ ಕೂಡಿದರೆ ಹಾಕಿದ ಒಟ್ಟು ಮದ್ದಿಗೆ ಹತ್ತಿರ ಬರಬೇಕು. ಬರದಿದ್ದರೆ ಎಲ್ಲೋ ಕೆಟ್ಟಿದೆ, ಇಲ್ಲವೇ ಪ್ಲಾಸ್ಟಿಕ್ ಕೊಳವೆಗೋ ಶೋಧಕಕ್ಕೋ ಅಂಟಿದೆ. ಕರ್ಕ್ಯುಮಿನ್ ಪ್ಲಾಸ್ಟಿಕ್ಕಿಗೆ ಹೇಗೆ ಅಂಟುತ್ತದೆ ಎಂಬುದಕ್ಕೆ ನಿಮ್ಮ ಹಳದಿ ಪಿಪೆಟ್ ತುದಿಗಳೇ ಸಾಕ್ಷಿ.

ಲಕ್ಷಣ: ಡಯಾಲಿಸಿಸ್ ಚೀಲದಿಂದ ಮದ್ದು ಹೊರಗೆ ಬರುತ್ತಲೇ ಇಲ್ಲ

ವಾಹಕವನ್ನು ಸೂಕ್ಷ್ಮ ರಂಧ್ರಗಳ ಚೀಲದಲ್ಲಿ ಕಟ್ಟಿ ದ್ರವದಲ್ಲಿ ಮುಳುಗಿಸಿ, ಮದ್ದು ಹೊರಬರುವುದನ್ನು ಅಳೆಯುವ ಪರೀಕ್ಷೆ ಇದು. ಬರದಿದ್ದರೆ ಎಲ್ಲರೂ ಇದನ್ನು ನಿಧಾನ ಬಿಡುಗಡೆ ಎಂದು ಬರೆದುಬಿಡುತ್ತಾರೆ. ಮೊದಲು ವಾಹಕವಿಲ್ಲದ ಮದ್ದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಅದೇ ಚೀಲಕ್ಕೆ ಹಾಕಿ. ಅದೂ ನಿಧಾನವಾದರೆ ನೀವು ಅಳೆದದ್ದು ಚೀಲವನ್ನು, ವಾಹಕವನ್ನಲ್ಲ. ಹೊರಗಿನ ದ್ರವದಲ್ಲಿ ಮದ್ದು ಕರಗಲು ಸಾಕಷ್ಟು ಜಾಗವೂ ಬೇಕು.

ಲಕ್ಷಣ: ಫ್ರಾಂಜ್ ಕೋಶದ ಕೆಳಗಿನ ದ್ರವದಲ್ಲಿ ಸೊನ್ನೆ

ಥಾಮಸ್ ಫ್ರಾಂಜ್ 1975ರಲ್ಲಿ ವಿವರಿಸಿದ ಈ ಗಾಜಿನ ಸಾಧನ ಇಂದಿಗೂ ಚರ್ಮದ ಕೆಲಸದ ಬೆನ್ನೆಲುಬು. ಮೇಲೆ ತಯಾರಿಕೆ, ನಡುವೆ ಚರ್ಮ, ಕೆಳಗೆ ಬಫರ್. ಸೊನ್ನೆ ಬಂದಾಗ ಹೀಗೆ ಇಳಿಯುತ್ತಾ ಹೋಗಿ.

ಬಗ್ಗಿ ನೋಡಿ, ಚರ್ಮದ ಕೆಳಗೆ ಗಾಳಿಗುಳ್ಳೆ ಇದೆಯೇ? ಗುಳ್ಳೆ ಇದ್ದ ಕಡೆ ಏನೂ ದಾಟುವುದಿಲ್ಲ. ಬಫರನ್ನು ಮೊದಲೇ ಗಾಳಿ ತೆಗೆದು ತುಂಬಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಕಲಕುವ ಕಡ್ಡಿ ತಿರುಗುತ್ತಿದೆಯೇ? ಚರ್ಮದ ಮೇಲ್ಮೈ 32 ಡಿಗ್ರಿ ಇದೆಯೇ? ಸುತ್ತಲಿನ ನೀರು 32 ಇದ್ದರೆ ಚರ್ಮ ಅದಕ್ಕಿಂತ ತಣ್ಣಗಿರುತ್ತದೆ, ಅದನ್ನು ಮರೆಯಬೇಡಿ.

ಮುಂದಿನದು ಕೆಳಗಿನ ದ್ರವ. ಮದ್ದಿನ ಸಾಂದ್ರತೆ ಅಲ್ಲಿ ಕರಗಬಲ್ಲ ಮಿತಿಯ ಹತ್ತನೇ ಒಂದು ಭಾಗ ದಾಟಬಾರದು ಎನ್ನುವುದು ವಾಡಿಕೆ. ಬರೀ ಫಾಸ್ಫೇಟ್ ಬಫರಿನಲ್ಲಿ ಕರ್ಕ್ಯುಮಿನ್ನಿಗೆ ಅಷ್ಟೂ ಜಾಗವಿಲ್ಲ. ಚರ್ಮ ದಾಟಲು ಸಿದ್ಧವಾದ ಅಣು ಕೆಳಗೆ ನೀರು ನೋಡಿ ಅಲ್ಲೇ ನಿಂತುಬಿಡುತ್ತದೆ. ಆಲ್ಬುಮಿನ್ ಅಥವಾ ಸ್ವಲ್ಪ ಎಥೆನಾಲ್ ಸೇರಿಸಿ. ಎಥೆನಾಲ್ ಜಾಸ್ತಿಯಾದರೆ ಅದೇ ಚರ್ಮವನ್ನು ಸಡಿಲಗೊಳಿಸಿ ಸುಳ್ಳು ಯಶಸ್ಸು ಕೊಡುತ್ತದೆ. ಜೊತೆಗೆ ಮೊದಲ ಲಕ್ಷಣದಲ್ಲಿ ಹೇಳಿದ್ದು ಇಲ್ಲಿ ಮತ್ತೆ ಬರುತ್ತದೆ. ಪಿಎಚ್ 7.4ರ ದ್ರವದಲ್ಲಿ ದಾಟಿದ ಮದ್ದು, ನೀವು ಮಾದರಿ ತೆಗೆಯುವ ಹೊತ್ತಿಗೆ ಉಳಿದಿರುವುದಿಲ್ಲ. ಗೊತ್ತಿರುವಷ್ಟು ಕರ್ಕ್ಯುಮಿನ್ನನ್ನು ಚರ್ಮವಿಲ್ಲದ ಕೋಶಕ್ಕೆ ಹಾಕಿ, ಗಂಟೆಗಂಟೆಗೂ ಅಳೆಯಿರಿ. ಎಷ್ಟು ಕಳೆದುಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಇವೆಲ್ಲ ಸರಿಯಿದ್ದೂ ಸೊನ್ನೆಯೇ ಬಂದರೆ, ಅದು ನಿಜಕ್ಕೂ ದೋಷವೇ ಎಂದು ಕೇಳಿಕೊಳ್ಳಿ. ತಳಕೋಶದ ಕ್ಯಾನ್ಸರ್, ಶಲ್ಕಕೋಶದ ಕ್ಯಾನ್ಸರ್ ಎರಡೂ ಹುಟ್ಟುವುದು ಹೊರಚರ್ಮದಲ್ಲಿ. ಮದ್ದು ಅಲ್ಲಿ ತಂಗಬೇಕು, ಕೆಳಗೆ ಸೋರಿ ರಕ್ತಕ್ಕೆ ಹೋಗಬಾರದು. ಹಾಗಾಗಿ ಪ್ರಯೋಗ ಮುಗಿದ ಮೇಲೆ ಅಂಟು ಪಟ್ಟಿಯಿಂದ ಸತ್ತ ಪದರವನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಉಳಿದ ಚರ್ಮವನ್ನು ಕತ್ತರಿಸಿ ಮದ್ದು ಹೊರತೆಗೆಯಿರಿ. ಮೇಲೆ ಉಳಿದದ್ದು, ಪಟ್ಟಿಯಲ್ಲಿ ಬಂದದ್ದು, ಚರ್ಮದೊಳಗಿನದು, ಕೆಳಗೆ ದಾಟಿದ್ದು ಎಲ್ಲ ಕೂಡಿ 100ರ ಹತ್ತು ಶೇಕಡಾ ಆಚೀಚೆ ಬರಬೇಕು. ಅಂತರರಾಷ್ಟ್ರೀಯ ಸಂಸ್ಥೆಯಾದ ಒಇಸಿಡಿಯ 428ನೇ ಪರೀಕ್ಷಾ ಮಾರ್ಗಸೂಚಿ ಹಿಡಿದು ಕೆಲಸ ಮಾಡುವವರು ನೋಡುವುದೂ ಈ ಲೆಕ್ಕವನ್ನೇ. ಎಲ್ಲ ಮದ್ದೂ ಮೊದಲ ಎರಡು ಪಟ್ಟಿಗಳಲ್ಲೇ ಸಿಕ್ಕರೆ, ಈಗ ಧೈರ್ಯವಾಗಿ ವಾಹಕವನ್ನು ಬೈಯಬಹುದು.

ಬಗ್ಗುವ ಪೊರೆಯ ಟ್ರಾನ್ಸ್‌ಫರ್ಸೋಮ್ ಆದರೆ ಒಂದು ಸೂಕ್ಷ್ಮ ಇದೆ. ಒಣ ಮೇಲ್ಮೈಯಿಂದ ತೇವದ ಒಳಪದರದ ಕಡೆಗೆ ಅದು ಎಳೆಯಲ್ಪಡುತ್ತದೆ ಎನ್ನುವುದು ಅದನ್ನು ರೂಪಿಸಿದ ಗ್ರೆಗರ್ ಚೆವ್ಚ್ ಅವರ ವಾದ. ಮೇಲೆ ಪ್ಯಾರಾಫಿಲ್ಮ್ ಮುಚ್ಚಿ ಒದ್ದೆ ಮಾಡಿಟ್ಟರೆ ಆ ಎಳೆತವೇ ಇಲ್ಲ. ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ.

ಲಕ್ಷಣ: ಒಂದು ಫ್ರಾಂಜ್ ಕೋಶದಲ್ಲಿ ಮಾತ್ರ ಮದ್ದು ಧಾರಾಳವಾಗಿ ದಾಟಿದೆ

ಆರು ಕೋಶ ಇಟ್ಟು ಐದರಲ್ಲಿ ಅಲ್ಪಸ್ವಲ್ಪ, ಒಂದರಲ್ಲಿ ಮೊದಲ ಗಂಟೆಯಿಂದಲೇ ಹೊಳೆ. ಅದು ತೂತು. ಕೂದಲು ತೆಗೆಯುವಾಗ ಗೀರಿರಬಹುದು, ಅಂಚಿನಲ್ಲಿ ಸೋರಿರಬಹುದು, ಹಲವು ಸಲ ಹೆಪ್ಪುಗಟ್ಟಿಸಿ ಕರಗಿಸಿದ ಚರ್ಮ ಇರಬಹುದು. ಮದ್ದು ಹಚ್ಚುವ ಮೊದಲೇ ಪ್ರತಿ ತುಂಡಿನ ವಿದ್ಯುತ್ ಪ್ರತಿರೋಧ ಅಳೆದಿಟ್ಟುಕೊಂಡರೆ ಅದನ್ನು ಬಿಡಲು ನ್ಯಾಯವಾದ ಕಾರಣ ಸಿಗುತ್ತದೆ. ಫಲಿತಾಂಶ ನೋಡಿದ ಮೇಲೆ ಬಿಟ್ಟರೆ ಅದು ಮೋಸ.

ಆರೂ ಕೋಶಗಳಲ್ಲಿ ಧಾರಾಳವಾಗಿದ್ದರೆ ಯಾರ ಚರ್ಮ ಎಂದು ನೋಡಿ. ಇಲಿಯ ಚರ್ಮ ಮನುಷ್ಯರದಕ್ಕಿಂತ ಬಹಳ ಸಡಿಲ. ಹಂದಿಯ ಕಿವಿಯ ಚರ್ಮ ಎಷ್ಟೋ ಹತ್ತಿರ. ಹೊಳೆಯುವ ಚಿತ್ರ ನೋಡಿ ಕಣವೇ ಇಳಿದಿದೆ ಅನ್ನುವವರು ನೈಲ್ ರೆಡ್‌ನಂಥ ಬಣ್ಣವನ್ನು ಬರೀ ದ್ರಾವಣದಲ್ಲೂ ಹಚ್ಚಿ ನೋಡಲಿ. ಬಣ್ಣ ಕಣದಿಂದ ಕಳಚಿಕೊಂಡು ತಾನೊಂದೇ ಇಳಿಯಬಲ್ಲದು. ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಲಕ್ಷಣ: ಜೀವಕೋಶ ಪರೀಕ್ಷೆಯಲ್ಲಿ ಎಲ್ಲವೂ ಸಾಯುತ್ತಿವೆ, ಅಥವಾ ಏನೂ ಸಾಯುತ್ತಿಲ್ಲ

ಖಾಲಿ ವಾಹಕವೂ ಕೊಲ್ಲುತ್ತಿದೆಯೇ? ಹಾಗಿದ್ದರೆ ಕೊಂದದ್ದು ಸರ್ಫ್ಯಾಕ್ಟೆಂಟ್. ಎ431 ಕ್ಯಾನ್ಸರ್ ಕೋಶದ ಪಕ್ಕದಲ್ಲಿ ಹ್ಯಾಕ್ಯಾಟ್ ಎಂಬ ಸಾಮಾನ್ಯ ಚರ್ಮಕೋಶವನ್ನೂ ಇಡಿ. ಎರಡೂ ಒಂದೇ ಪ್ರಮಾಣದಲ್ಲಿ ಸತ್ತರೆ ನಿಮ್ಮ ಬಳಿ ಇರುವುದು ವಿಷ, ಮದ್ದಲ್ಲ.

ಏನೂ ಸಾಯದಿದ್ದರೆ ಎಂಟಿಟಿ ಪರೀಕ್ಷೆಯನ್ನೇ ಅನುಮಾನಿಸಿ. ಜೀವಂತ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ ಎನ್ನುವುದು ಅದರ ಆಧಾರ. ಆದರೆ ಸಸ್ಯಗಳ ಆಂಟಿಆಕ್ಸಿಡೆಂಟ್‌ಗಳು ಕೋಶವಿಲ್ಲದೆಯೂ ಆ ಕೆಲಸ ಮಾಡುತ್ತವೆ. ಪರೀಕ್ಷಾ ತಟ್ಟೆಯ ಕೋಶವಿಲ್ಲದ ಗುಳಿಗೆ ಮದ್ದು ಮತ್ತು ಎಂಟಿಟಿ ಹಾಕಿ. ನೇರಳೆ ಬಂದರೆ ಆ ಪರೀಕ್ಷೆ ನಿಮಗೆ ಆಗಿಬರುವುದಿಲ್ಲ. ಇಲ್ಲಿ ಕರ್ಕ್ಯುಮಿನ್ ಮೇಲೆ ಇನ್ನೂ ಒಂದು ಅಪವಾದ ಇದೆ. ಅದು ನಾನಾ ಪರೀಕ್ಷೆಗಳಲ್ಲಿ ಹುಸಿ ಫಲ ತೋರಿಸುವ ಅಣು ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರದವರು ದೊಡ್ಡ ವಿಮರ್ಶೆಯನ್ನೇ ಬರೆದರು. ಹಾಗಾಗಿ ಒಂದೇ ಪರೀಕ್ಷೆ ನಂಬಬೇಡಿ, ಬೇರೆ ತತ್ವದ ಇನ್ನೊಂದನ್ನು ಜೊತೆಗಿಡಿ.

ಲಕ್ಷಣ: ಕಳೆದ ಸಲ ಬಂದದ್ದು ಈ ಸಲ ಬರುತ್ತಿಲ್ಲ

ಬಾಟಲಿಯ ಚೀಟಿ ಓದಿ. ಮಾಮೂಲಿ ಕರ್ಕ್ಯುಮಿನ್ ಅಂತ ಸಿಗುವುದು ಮೂರು ಅಣುಗಳ ಮಿಶ್ರಣ. ಅದರಲ್ಲಿ ನಿಜವಾದ ಕರ್ಕ್ಯುಮಿನ್ ಮುಕ್ಕಾಲು ಪಾಲಿನಷ್ಟು, ಉಳಿದವು ಅದರ ಎರಡು ಸೋದರರು. ಲೆಸಿಥಿನ್ ಕೂಡ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಹಳೆಯ ಲಾಟ್ ಒಂದಿಷ್ಟು ಉಳಿದಿದ್ದರೆ ಎರಡನ್ನೂ ಒಂದೇ ದಿನ ಪಕ್ಕಪಕ್ಕ ಮಾಡಿ.

ಯಾವಾಗ ನಿಲ್ಲಿಸಿ ಇತರರನ್ನು ಕೇಳಬೇಕು

ಮೇಲಿನದೆಲ್ಲ ಮಾಡಿ ಮೂರು ಬ್ಯಾಚ್‌ನಲ್ಲೂ ಅದೇ ದೋಷ ಬಂದರೆ, ನಾಲ್ಕನೆಯದನ್ನು ಮಾಡಬೇಡಿ. ಕಣದ ಒಳರಚನೆ ನೋಡಲು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಕೊಬ್ಬಿನ ಹರಳು ಯಾವ ರೂಪದ್ದು ಎಂದು ಹೇಳಲು ಎಕ್ಸ್‌ರೇ ವಿವರ್ತನೆ ಬೇಕು. ಒಡೆದ ಚೂರುಗಳನ್ನು ಗುರುತಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಇವನ್ನು ಓಡಿಸುವವರ ಬಳಿ ಹೋಗುವಾಗ ಖಾಲಿ ವಾಹಕದ ಬಾಟಲಿಯನ್ನೂ ಒಯ್ಯಿರಿ.

ಜೀವಂತ ಪ್ರಾಣಿಯ ಮೇಲೆ ಹಚ್ಚಿದ ಕಡೆ ಕೆಂಪು, ಊತ, ಹುಣ್ಣು ಕಂಡರೆ ಆ ಕ್ಷಣವೇ ತೊಳೆದು, ಪ್ರಯೋಗ ನಿಲ್ಲಿಸಿ, ಪಶುವೈದ್ಯರಿಗೆ ಮತ್ತು ನೈತಿಕ ಸಮಿತಿಗೆ ತಿಳಿಸಿ. ಮದ್ದು ಕೆಲಸ ಮಾಡುತ್ತಿರುವ ಗುರುತು ಅಂತ ಕಾಯಬೇಡಿ.

ಗಿಡದಿಂದ ಬಂದದ್ದು ಎಂಬ ಮಾತು ಇಲ್ಲಿ ಯಾರನ್ನೂ ಕಾಪಾಡುವುದಿಲ್ಲ. ಯುಫೋರ್ಬಿಯಾ ಜಾತಿಯ ಗಿಡದ ರಸದಿಂದ ಬಂದ ಇಂಜೆನಾಲ್ ಮೆಬುಟೇಟ್ ಜೆಲ್ಲನ್ನೇ ನೋಡಿ. ಬಿಸಿಲಿನಿಂದ ಆಗುವ ಕ್ಯಾನ್ಸರ್ ಪೂರ್ವದ ಒರಟು ಕಲೆಗಳಿಗೆ ಅಮೆರಿಕದ ಎಫ್‌ಡಿಎ 2012ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. 2020ರಲ್ಲಿ ಐರೋಪ್ಯ ಔಷಧ ಸಂಸ್ಥೆ ಅದೇ ಜೆಲ್ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚಿಸಬಹುದು, ಲಾಭಕ್ಕಿಂತ ಅಪಾಯವೇ ದೊಡ್ಡದು ಎಂದಿತು. ಬ್ಲಡ್‌ರೂಟ್ ಗಿಡದಿಂದ ಮಾಡುವ ಕಪ್ಪು ಮುಲಾಮಿನ ಕಥೆ ಇನ್ನೂ ಕೆಟ್ಟದ್ದು. ಅದು ಮೇಲಿನ ಚರ್ಮವನ್ನು ಸುಟ್ಟು ಹೆಕ್ಕಳೆ ಕಟ್ಟಿಸುತ್ತದೆ, ಗಡ್ಡೆ ಕೆಳಗೆ ಕಾಣದಂತೆ ಬೆಳೆಯುತ್ತಲೇ ಇರಬಹುದು.

ಇದನ್ನು ಓದುತ್ತಿರುವುದು ಲ್ಯಾಬಿನ ಕೆಲಸಕ್ಕಲ್ಲ, ನಿಮ್ಮದೇ ಮೈಮೇಲಿನ ಒಂದು ಮಚ್ಚೆಯ ಚಿಂತೆಗೆ ಅಂತಾದರೆ, ಮೇಲಿನ ಯಾವುದೂ ನಿಮಗಲ್ಲ. ಮಚ್ಚೆಯ ಎರಡು ಅರ್ಧ ಒಂದೇ ತರ ಇಲ್ಲವೇ, ಅಂಚು ಹರಿದಂತಿದೆಯೇ, ಒಂದರಲ್ಲೇ ಎರಡು ಮೂರು ಬಣ್ಣ ಇದೆಯೇ, ಅಗಲ 6 ಮಿಲಿಮೀಟರ್ ದಾಟಿದೆಯೇ, ಇತ್ತೀಚೆಗೆ ಬದಲಾಗುತ್ತಿದೆಯೇ ನೋಡಿ. ಇವುಗಳಲ್ಲಿ ಒಂದಿದ್ದರೂ, ಅಥವಾ ತಿಂಗಳಾದರೂ ಮಾಯದೆ ರಕ್ತ ಬರುವ ಹುಣ್ಣಿದ್ದರೂ, ಏನನ್ನೂ ಹಚ್ಚದೆ ಚರ್ಮವೈದ್ಯರಿಗೆ ತೋರಿಸಿ. ಹಚ್ಚಿದ ಮುಲಾಮು ಮಚ್ಚೆಯ ರೂಪ ಬದಲಿಸಿಬಿಟ್ಟರೆ ಅವರಿಗೂ ಗುರುತಿಸುವುದು ಕಷ್ಟ. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ, ಸಾಮಾನ್ಯವಾಗಿ ಅದಕ್ಕೆ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು.